ಪೂಜಾರಪ್ಪನ ಬಾಣಂತಿ ವೇಷ

ಬೀದಿ ನಾಟಕ ಆಡುವವರು ಊರಿಗೆ ಕಾಲಿಟ್ಟ ಕೂಡಲೇ ಮೊದಲು ನೋಡುವುದು ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಅಂತ. ಸೂರ್ಯ ನೋಡುವವರ ಬೆನ್ನಿಗೆ ಇರಬೇಕು, ನಮ್ಮ ಮುಖಕ್ಕೆ ಹೊಡೆಯಬೇಕು. ನಮಗೆ ಕಣ್ಣು ಕುಕ್ಕಿದರೆ ಸಹಿಸಿಕೊಳ್ಳಬಹುದು, ಅವರಿಗೆ ಕುಕ್ಕಿದರೆ ಎದ್ದು ಹೋಗುತ್ತಾರೆ. ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿ ಕಡೆಯ ಆ ಹಟ್ಟಿಗೆ, ಕುರಿ ಸಾಕುವವರ ಸಣ್ಣ ಊರಿಗೆ, ಹೋದ ದಿನ ಬಿಸಿಲು ಸರಿಯಾಗಿತ್ತು, ಜಾಗ ಸರಿಯಾಗಿತ್ತು, ತಮಟೆ ಬಾರಿಸಿದ ಮೇಲೆ ಜನವೂ ಸೇರಿದ್ದರು. ಆದರೂ ನಾಟಕ ಅರ್ಧ ಆಗುವಷ್ಟರಲ್ಲಿ ಅವರೆಲ್ಲ ಎದ್ದು ಹೋದರು.

ನಮ್ಮದು ತುಮಕೂರಿನ ಸಣ್ಣ ತಂಡ. ನಾನು, ಅತ್ತೆ ಪಾತ್ರ ಮಾಡುವ ನನ್ನ ಗೆಳತಿ, ಡಾಕ್ಟರ್ ಪಾತ್ರ ಮಾಡುವ ನಟ, ತಮಟೆ ಬಾರಿಸುವ ಹುಡುಗ. ನಮ್ಮಿಂದ ಜಾಗೃತಿ ನಾಟಕ ಆಡಿಸುವ ಸರ್ಕಾರಿ ಇಲಾಖೆಯವರು ಆ ಸಲ ಕೊಟ್ಟಿದ್ದ ವಿಷಯ 'ಆಚೆ ಕೂರೋದು'. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರು ಮನೆಯೊಳಗೆ ಇರುವ ಹಾಗಿಲ್ಲ. ಹೆತ್ತವಳೂ ಅಷ್ಟೇ. ಆಸ್ಪತ್ರೆಯಿಂದ ಬಂದ ಬಾಣಂತಿ ಎಳೇ ಕೂಸನ್ನು ಎತ್ತಿಕೊಂಡು ಊರಾಚೆಯ ಗುಡ್ಲಿಗೆ, ಅಂದರೆ ಪುಟ್ಟ ಗುಡಿಸಲಿಗೆ, ಹೋಗಬೇಕು, ಸೂತಕ ಕಳೆಯುವವರೆಗೂ ಅಲ್ಲೇ ಇರಬೇಕು. ಒಳಗೆ ಬಂದರೆ ದೇವರಿಗೆ ಆಗುವುದಿಲ್ಲ ಅಂತ ನಂಬಿಕೆ. ಇದನ್ನು ಬಿಡಿಸುವ ನಾಟಕ ಬರೆದವಳು ನಾನೇ. ಗಯ್ಯಾಳಿ ಅತ್ತೆ ಸೊಸೆಯನ್ನು ಆಚೆ ದಬ್ಬುತ್ತಾಳೆ, ಮಗುವಿಗೆ ಜ್ವರ ಬರುತ್ತದೆ, ಡಾಕ್ಟರ್ ಬಂದು ಬುದ್ಧಿ ಹೇಳುತ್ತಾರೆ, ಕೊನೆಗೆ ಎಲ್ಲರೂ ಸೇರಿ ಘೋಷಣೆ. ಅಧಿಕಾರಿಗಳು ಓದಿ, ಸ್ಕ್ರಿಪ್ಟ್ ಚೆನ್ನಾಗಿದೆ ಎಂದು ಒಪ್ಪಿದ್ದರು.

ಅತ್ತೆ ಕಿರುಚಿದಾಗ ಜನ ಮೊದಮೊದಲು ನಕ್ಕರು. ಅವಳು ನನ್ನ ರಟ್ಟೆ ಹಿಡಿದು ಆಚೆ ದಬ್ಬಿದಾಗ ನಗು ನಿಂತಿತು. ಹಿಂದೆ ನಿಂತಿದ್ದ ಒಬ್ಬ ಗಂಡಸು, ಆಮೇಲೆ ಗೊತ್ತಾಯಿತು ಅವರೇ ಹಟ್ಟಿಯ ಗೌಡರು, ಜೋರಾಗಿ ಕೇಳಿದರು: "ನಮ್ಮ ಹೆಂಗಸ್ರನ್ನ ಬೀದೀಲಿ ನಿಲ್ಸಿ ಆಡ್ಕಂಡು ನಗಾಕೆ ಬಂದಿದೀರಾ?"

ನಾವು ಉತ್ತರ ಕೊಡುವ ಮೊದಲೇ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಟರು. ಬೈಗುಳ ಇಲ್ಲ, ಗಲಾಟೆ ಇಲ್ಲ. ಗಲಾಟೆ ಆಗಿದ್ದರೆ ಮಾತಾಡಬಹುದಿತ್ತು. ನನ್ನ ಡಾಕ್ಟರ್ ಬಿಳಿ ಕೋಟು ಹಾಕಿಕೊಂಡು, ತನ್ನ ಸರದಿಗೆ ಕಾಯುತ್ತಾ, ಯಾರೂ ಇಲ್ಲದ ಬಯಲಲ್ಲಿ ನಿಂತಿದ್ದ.

ಸಾಮಾನು ಕಟ್ಟುತ್ತಿದ್ದಾಗ ಎದುರಿನ ಮನೆ ಜಗಲಿಯಿಂದ ಒಂದು ದನಿ ಬಂತು. "ಆ ಬಾಣಂತಿ ಪಾತ್ರ ಮಾಡ್ದೋರು ಯಾರು?"

ಬಿಳೀ ಪಂಚೆ, ಹೆಗಲ ಮೇಲೆ ಟವೆಲು, ಹಣೆಯ ತುಂಬ ವಿಭೂತಿ ಇದ್ದ ವಯಸ್ಸಾದವರೊಬ್ಬರು ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲರೂ ಎದ್ದು ಹೋದರೂ ಅವರು ಮಾತ್ರ ಹೋಗಿರಲಿಲ್ಲ.

"ನಾನೇ, ಯಜಮಾನ್ರೇ."

"ಬಾಣಂತಿ ಹಂಗೆ ದಿಡೀರಂತ ಎದ್ದು ನಿಂತ್ಕಳಲ್ಲ ಕಣವ್ವ. ಸೊಂಟದಾಗೆ ಶಕ್ತಿ ಇರಾಕಿಲ್ಲ. ಮೊದ್ಲು ಕೈ ಊರ್ತಾಳೆ."

ಹಾಗೆಂದವರು ಟವೆಲನ್ನು ಸೆರಗಿನ ಹಾಗೆ ತಲೆ ಮೇಲೆ ಎಳೆದುಕೊಂಡರು. ಅಂಗೈಯನ್ನು ನೆಲಕ್ಕೆ ಊರಿ, ಒಂದು ಕ್ಷಣ ತಡೆದು, ಉಸಿರು ಬಿಗಿಹಿಡಿದು, ಮೊಣಕಾಲನ್ನು ಮೆಲ್ಲಗೆ ಮಡಚಿ ಎದ್ದರು. ಅಷ್ಟು ಹೊತ್ತು ಆ ಜಗಲಿಯ ಮೇಲೆ ಮುದುಕರು ಇರಲಿಲ್ಲ. ನೋವನ್ನು ಯಾರಿಗೂ ತೋರಿಸಬಾರದು ಎಂದು ತುಟಿ ಕಚ್ಚಿದ ಒಬ್ಬ ಹೆಂಗಸಿದ್ದಳು. ಆಮೇಲೆ ಅವರು ಟವೆಲು ಕೆಳಗಿಳಿಸಿ, "ಹೋಗ್ಬನ್ನಿ, ಬಸ್ಸು ಹೊಂಟೋಯ್ತದೆ" ಎಂದು ಒಳಗೆ ಹೋದರು.

ಅವರು ಯಾರು ಅಂತ ಹಟ್ಟಿಯ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಆಕೆ ಪಕ್ಕದೂರಿನವರು, ಹಟ್ಟಿಯ ಮನೆಮನೆ ಬಲ್ಲವರು. "ಅವ್ರು ಪೂಜಾರಪ್ಪ, ಮೇಡಂ. ದೇವಸ್ಥಾನದ ಪೂಜೆ ಅವ್ರದ್ದೇ. ಗೌಡ್ರ ಮಾತಾದ್ರೂ ಒಂದು ಸಲ ಮೀರ್ತಾರೆ, ಇವ್ರ ಮಾತು ಯಾರೂ ಮೀರಲ್ಲ. ವಯಸ್ಸಿನಾಗೆ ಮೂಡಲಪಾಯದಲ್ಲಿ ಹೆಣ್ಣು ವೇಷ ಹಾಕ್ತಿದ್ರಂತೆ. ಇವ್ರ ರಾಣಿ ಪಾತ್ರ ನೋಡಾಕೆ ಕಡಬದಿಂದೆಲ್ಲ ಗಾಡಿ ಕಟ್ಕಂಡು ಬರ್ತಿದ್ರು ಅಂತ ನಮ್ಮತ್ತೆ ಹೇಳ್ತಾರೆ."

ನಮ್ಮ ಬಯಲುಸೀಮೆಯ ಯಕ್ಷಗಾನಕ್ಕೆ ಮೂಡಲಪಾಯ ಎಂದು ಹೆಸರು. ಅದರಲ್ಲಿ ಹೆಣ್ಣು ಪಾತ್ರಗಳನ್ನೂ ಗಂಡಸರೇ ಕಟ್ಟುತ್ತಿದ್ದರು. ಈಗ ಅದು ಆ ಕಡೆ ಹೆಚ್ಚುಕಡಿಮೆ ನಿಂತೇ ಹೋಗಿದೆ.

ಆಶಾ ಇನ್ನೊಂದು ವಿಷಯವನ್ನೂ ಹೇಳಿದರು. ಪೂಜಾರಪ್ಪನ ಕಿರಿ ಮಗಳನ್ನು ಕುಣಿಗಲ್‌ಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ಹತ್ತಿರ ಬಂದಿತ್ತು. ಅವಳಿಗಾಗಿ ಊರಾಚೆಯ ಗುಡ್ಲಿಗೆ ಆಗಲೇ ಹೊಸ ತೆಂಗಿನ ಗರಿ ಹೊದಿಸಿದ್ದರು. ಮಳೆಗಾಲ ಶುರುವಾಗುತ್ತಿತ್ತು.

ಮಾರನೇ ದಿನ ಅಧಿಕಾರಿಗಳು ಫೋನ್ ಮಾಡಿದರು. "ಆ ಹಟ್ಟಿ ಮುಗೀತಲ್ಲ? ಫೋಟೋ ಕಳ್ಸಿ, ಮುಂದಿನ ಹಟ್ಟಿಗೆ ಹೋಗಿ."

"ಸಾರ್, ಮುಗೀಲಿಲ್ಲ. ಜನ ಎದ್ದು ಹೋದ್ರು. ಅಲ್ಲಿ ಬೇರೆ ಥರ ಮಾಡ್ಬೇಕು. ಸ್ವಲ್ಪ ಟೈಮ್ ಬೇಕು."

"ಅಪ್ರೂವ್ ಆಗಿರೋ ಸ್ಕ್ರಿಪ್ಟ್ ಬದಲಾಯ್ಸೋ ಹಾಗಿಲ್ಲಮ್ಮ. ನಿಮಗೆ ಆಗಲ್ಲ ಅಂದ್ರೆ ಉಳಿದಿದ್ದು ಬೇರೆ ತಂಡಕ್ಕೆ ಕೊಡ್ಬೇಕಾಗ್ತದೆ."

ತುಮಕೂರಿನ ನಮ್ಮ ರಿಹರ್ಸಲ್ ರೂಮಿನಲ್ಲಿ ನಾಲ್ಕೂ ಜನ ಕೂತೆವು. ನನಗೆ ಬೇಕಾದ್ದನ್ನು ಹೇಳಿದೆ. ಬರೆದ ನಾಟಕ ಬಿಟ್ಟುಬಿಡೋಣ, ಪೂಜಾರಪ್ಪನವರನ್ನೇ ಬಾಣಂತಿ ಪಾತ್ರಕ್ಕೆ ಕೇಳೋಣ, ಅವರ ಮೂಡಲಪಾಯದ ರೀತಿಯಲ್ಲೇ ಆಡೋಣ.

ತಮಟೆಯ ಹುಡುಗ ಸಿಟ್ಟಾದ. "ಅಕ್ಕ, ಆಚೆ ಕೂರ್ಸೋರ ಕೈಗೇ ನಾಟಕ ಕೊಟ್ರೆ ನಮ್ಮ ಮಾತು ಹೇಳೋರು ಯಾರು? ಇರೋ ಕೆಲ್ಸಾನೂ ಹೋಗ್ತದೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಹತ್ತಿರ ಇದ್ದ ಉತ್ತರ ಒಂದೇ: ನಮ್ಮ ಮಾತು ಹೇಳಿ ನೋಡಿದೆವು, ಕೇಳುವವರು ಉಳಿಯಲಿಲ್ಲ. ಅಷ್ಟು ಹೇಳಿ, ಉಳಿದ ಹಟ್ಟಿಗಳನ್ನು ಬೇರೆಯವರಿಗೆ ಕೊಡಿ ಎಂದು ಅಧಿಕಾರಿಗಳಿಗೆ ತಿಳಿಸಿದೆ. ಹುಡುಗ ಕೆಲವು ದಿನ ನನ್ನ ಹತ್ತಿರ ಮಾತು ಬಿಟ್ಟ. ಬಸ್ಸಿಗೆ ಮಾತ್ರ ತಪ್ಪದೆ ಬಂದ.

ಪೂಜಾರಪ್ಪನವರನ್ನು ಕೇಳಲು ಹೋದಾಗ ಅವರು ದೇವಸ್ಥಾನದ ಬಾಗಿಲು ಹಾಕಿ ಬರುತ್ತಿದ್ದರು. ಪಾತ್ರ ಬಾಣಂತಿಯದು ಎಂದೆ. ನಡೆದೇ ಇದ್ದರು. ಪಾಳೇಗಾರನ ಹೆಂಡತಿ, ರಾಣಿ ಎಂದೆ. ನಿಂತರು.

ಕಥೆ ನಾನು ಕಟ್ಟಿದ್ದು, ಸರಳವಾದದ್ದು. ಒಬ್ಬ ಪಾಳೇಗಾರನ ರಾಣಿ ಹೆರುತ್ತಾಳೆ. ಕೋಟೆಯ ಕಟ್ಟಳೆಯಂತೆ ಕೂಸಿನ ಜೊತೆ ಕೋಟೆಯಾಚೆ ಗುಡ್ಲಲ್ಲಿ ಇರಬೇಕು. ಮಳೆ ಹಿಡಿಯುತ್ತದೆ. ಕಾವಲಿನವನು ಮುಟ್ಟುವ ಹಾಗಿಲ್ಲ, ದಾಸಿ ಹತ್ತಿರ ಬರುವ ಹಾಗಿಲ್ಲ. ಕೊನೆಗೆ ಪಾಳೇಗಾರ ಬಂದು ಒಳಗೆ ಕರೆದುಕೊಂಡು ಹೋಗುತ್ತಾನೆ.

ಪೂಜಾರಪ್ಪ ಪೂರ್ತಿ ಕೇಳಿ ಹೇಳಿದರು: "ನಿನ್ನ ಉದ್ದೇಶ ನಂಗೆ ಗೊತ್ತಾಗಾಕಿಲ್ಲ ಅಂದ್ಕಂಡಿದೀಯಾ? ಗೊತ್ತಾಗ್ತದೆ. ಪಾತ್ರ ಚೆನ್ನಾಗೈತೆ, ಅದಕ್ಕೆ ಒಪ್ಕಂತೀನಿ. ಘೋಷಣೆ ಕೂಗಬಾರ್ದು. ಡಾಕ್ಟ್ರು ಬರಬಾರ್ದು. ಸೀರೆ ನಾನು ಹೇಳಿದ್ದು ತರಬೇಕು."

ಎಲ್ಲಕ್ಕೂ ಒಪ್ಪಿದೆ. ನಮ್ಮ ಡಾಕ್ಟರ್ ಪಾಳೇಗಾರನಾದ. ಅತ್ತೆ ದಾಸಿಯಾದಳು. ತಮಟೆಯ ಹುಡುಗನಿಗೆ ಕಾವಲುಗಾರನ ಕೆಲಸ. ಕಡಬದಿಂದ ಒಬ್ಬರು ವಯಸ್ಸಾದ ಮದ್ದಳೆಯವರು ಹೇಳಿ ಕಳಿಸಿದ ಕೂಡಲೇ ಮೊಪೆಡ್ ಹಿಂದೆ ಮದ್ದಳೆ ಕಟ್ಟಿಕೊಂಡು ಬಂದರು. ಪದಗಳನ್ನು ಪೂಜಾರಪ್ಪನೇ ಕಟ್ಟಿಕೊಂಡರು.

ಮಧ್ಯಾಹ್ನದ ಹೊತ್ತು, ಕುರಿಗಳೆಲ್ಲ ಮೇಯಲು ಹೋದ ಮೇಲೆ, ಹಳೇ ಶಾಲೆಯ ವರಾಂಡದಲ್ಲಿ ಪ್ರಾಕ್ಟೀಸ್. ನಾನು ಕಲಿಸುವುದೇನೂ ಇರಲಿಲ್ಲ. ರಾಣಿ ಕೋಟೆಯೊಳಗೆ ನಡೆದು ಬರುವ ದೃಶ್ಯ ಮಾಡಿದರೆ ಆ ಪಂಚೆಯ ಕೆಳಗಿನ ಒರಟು ಪಾದ ಮರೆತುಹೋಗುತ್ತಿತ್ತು. ಕತ್ತು ತಿರುಗಿಸುವುದು, ಕಣ್ಣು ನಿಲ್ಲಿಸುವುದು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಬಿಡುವ ಜಾಗ. ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಎಲ್ಲ ಹಾಗೇ ಇತ್ತು.

ಗುಡ್ಲಿನ ದೃಶ್ಯಕ್ಕೆ ಬಂದಾಗ ಕೆಟ್ಟಿತು. ಅವರು ಅಲ್ಲೂ ಸಿಂಹಾಸನದ ಮೇಲೆ ಕೂತ ಹಾಗೆ ಕೂತರು. ಪದ ಹೇಳಿದರು, ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ತಮ್ಮ ಮೇಲೇ ಸಿಟ್ಟು ಬಂದಿತ್ತು.

"ಇಲ್ಲಿ ನಾನು ಏನ್ ಮಾಡ್ತಿರಬೇಕು?" ಎಂದು ನನ್ನನ್ನು ಕೇಳಿದರು. "ಬರೀ ಕುಂತಿರ್ತಾಳಾ? ಗುಡ್ಲಿನ ಬಾಗ್ಲು ಎತ್ತ ಕಡೆ? ನೀರು ಯಾರು ಕೊಡ್ತಾರೆ?"

ನನಗೆ ಗೊತ್ತಿತ್ತು. ನಾಟಕ ಬರೆಯುವ ಮೊದಲು ಬೇರೆ ಹಟ್ಟಿಗಳ ಆಶಾ ಕಾರ್ಯಕರ್ತೆಯರ ಹತ್ತಿರ ಎಲ್ಲ ಕೇಳಿದ್ದೆ. ಉತ್ತರ ಬಾಯಿಗೆ ಬಂದಿತ್ತು. ಹೇಳಬಾರದು ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಆ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ನಿರ್ದೇಶನ ಅದೊಂದೇ ಇರಬೇಕು.

"ನೀವು ನೋಡಿಲ್ವಾ?" ಎಂದೆ.

"ಗಂಡಸ್ರು ಅತ್ತ ಹೋಗಲ್ಲ."

ಅವರ ಹೆಂಡತಿ ಶಾಲೆಯ ಗೇಟಿನ ಹತ್ತಿರ ಹುಣಸೇಹಣ್ಣು ಬಿಡಿಸುವ ನೆಪದಲ್ಲಿ ದಿನಾ ಕೂತು ನೋಡುತ್ತಿದ್ದರು. ಪೂಜಾರಪ್ಪ ಕೂಗಿದರು. "ಏ ಇವ್ಳೇ, ಬಾ ಇಲ್ಲಿ. ಗುಡ್ಲಲ್ಲಿ ಹೆಂಗೆ ಕೂರ್ತಾರೆ, ತೋರ್ಸು."

ಅಜ್ಜಿ ಮೊದಲು ಬರಲೊಲ್ಲರು. ಬಂದ ಮೇಲೂ ಸೆರಗು ಬಾಯಿಗೆ ಹಿಡಿದು ನಕ್ಕರು. "ನಾನೇನು ನಾಟ್ಕದೋಳಾ?"

"ತೋರ್ಸೇ, ಪಾತ್ರಕ್ಕೆ ಬೇಕು."

ಅಜ್ಜಿ ವರಾಂಡದ ಮೂಲೆಯಲ್ಲಿ ಕೂತರು. ಕೂತ ರೀತಿಗೇ ಅವರ ತಲೆಯ ಮೇಲೆ ಒಂದು ತಗ್ಗಾದ ಸೂರು ಕಾಣಿಸಿತು. ಕತ್ತು ಬಗ್ಗಿಸಿ, ಬೆನ್ನು ಗೂನು ಮಾಡಿ, ಮೊಣಕಾಲು ಎದೆಗೆ ಎಳೆದುಕೊಂಡಿದ್ದರು.

"ಕಾಲು ನೀಡ್ಕೊಂಡು ಕೂತ್ರೆ ಆಗಲ್ವಾ?" ಎಂದರು ಪೂಜಾರಪ್ಪ.

"ನೀಡಿದ್ರೆ ಆಚೆ ಬರ್ತದೆ. ಮಳೆ ಇದ್ರೆ ನೆನೀತದೆ."

"ಊಟ?"

"ನಿಮ್ಮವ್ವ ತಂದು ದೂರ ಇಟ್ಟು ಹೋಗೋರು. ನೀರು ಮೇಲಿಂದ ಹುಯ್ಯೋರು, ಬೊಗಸೆ ಒಡ್ಡಬೇಕು."

"ಹೊರಕಡೆಗೆ ಹೋಗ್ಬೇಕು ಅಂದ್ರೆ? ಮಗೂನ ಎಲ್ಲಿ ಇಡ್ತಿದ್ದೆ?"

"ಇಡಾಕೆ ಎಲ್ಲಾಗ್ತದೆ? ನಾಯಿ ಇದ್ವಲ್ಲ. ಸೆರಗಲ್ಲಿ ಎದೆಗೆ ಕಟ್ಕಂಡೇ ಹೋಗ್ತಿದ್ದೆ. ಕೂತ್ಕಳಾಕೆ ಆಗ್ತಿರಲಿಲ್ಲ, ಹೊಲಿಗೆ ಎಳೀತಿತ್ತು."

ಪೂಜಾರಪ್ಪ ಮುಂದಿನ ಪ್ರಶ್ನೆ ಕೇಳಲು ಬಾಯಿ ತೆರೆದವರು ಬೇರೆ ಪ್ರಶ್ನೆ ಕೇಳಿದರು. "ಇದು ಯಾವ್ ಮಗೀದು?"

"ಕಿರೀದು. ಕುಣಿಗಲ್‌ಗೆ ಕೊಟ್ಟಿರೋಳದ್ದು."

ಅಜ್ಜಿ ಎದ್ದರು. ಅಂಗೈ ಊರಿ, ತಡೆದು, ಮೆಲ್ಲಗೆ. ಸೀರೆಯ ಧೂಳು ಕೊಡವಿಕೊಂಡು, "ಸಾಕಾ? ಒಲೆ ಮೇಲೆ ಸಾರಿಟ್ಟಿದೀನಿ" ಎಂದು ಹೋದರು. ಅವತ್ತು ಪ್ರಾಕ್ಟೀಸ್ ಅಷ್ಟಕ್ಕೇ ನಿಂತಿತು.

ಮಾರನೇ ದಿನ ಪೂಜಾರಪ್ಪ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಗೌಡರು ಶಾಲೆಯ ಹತ್ತಿರ ಬಂದು ನೇರವಾಗಿ ಹೇಳಿದರು. "ಪೂಜೆ ಮಾಡೋ ಮೈಯಿ ಅದು. ಸೂತಕದೋಳ ವೇಷ ಹಾಕ್ಬಹುದಾ? ಹಟ್ಟಿಗೆ ಏನಾದ್ರೂ ಆದ್ರೆ ನೀವು ಬಂದು ನೋಡ್ತೀರಾ? ನಾಟ್ಕ ಸಾಕು, ಊರಿಗೆ ಹೋಗಿ."

ಅವರ ಮುಖದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ನನ್ನ ನಾಟಕದಲ್ಲಿ ಆ ಭಯ ಎಲ್ಲೂ ಇರಲಿಲ್ಲ. ಗಯ್ಯಾಳಿ ಅತ್ತೆ ಇದ್ದಳು ಅಷ್ಟೇ.

ಒಮ್ಮೆ ಕೇಳಿಯೇ ಹೋಗೋಣ ಎಂದು ಪೂಜಾರಪ್ಪನ ಮನೆಗೆ ಹೋದೆ. ಅವರು ಇರಲಿಲ್ಲ. ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತುಂಬು ಹೊಟ್ಟೆ, ತಂತಿಗೆ ಕೈ ಎತ್ತುವುದೂ ಕಷ್ಟ. ನಾನು ಬಕೆಟ್ಟಿನಿಂದ ಒಂದೊಂದೇ ತೆಗೆದು ಕೊಟ್ಟೆ.

"ಅಕ್ಕ, ಒಂದು ಮಾತು ಹೇಳ್ತೀನಿ, ಅಪ್ಪಂಗೆ ಹೇಳ್ಬೇಡಿ" ಎಂದಳು. "ಕುಣಿಗಲ್‌ನಾಗೆ ನಾನು ಆಚೆ ಕೂರಲ್ಲ. ಮಹಡಿ ಮೇಲೆ ಬಾಡಿಗೆ ಮನೆ. ಎಲ್ಲಿ ಕೂರೋದು, ಮೆಟ್ಲ ಮೇಲಾ? ಮೊದಮೊದ್ಲು ಏನಾಗಿಬುಡ್ತದೋ ಅಂತ ನಡುಗ್ತಿದ್ದೆ. ಏನೂ ಆಗ್ಲಿಲ್ಲ."

"ಹಾಗಾದ್ರೆ ಹೆರಿಗೆಗೂ ಅಲ್ಲೇ ಇರ್ಬಹುದಿತ್ತಲ್ಲಮ್ಮ?"

ಅವಳು ಕೈಲಿದ್ದ ಟವೆಲನ್ನು ಒಂದು ಸಲ ಹಿಂಡಿದಳು. ಅದರಲ್ಲಿ ನೀರೇ ಇರಲಿಲ್ಲ. "ಅಮ್ಮ ಬೇಕು ಅನ್ನಿಸ್ತು ಅಕ್ಕ."

ತುಮಕೂರಿಗೆ ಬರುವ ಬಸ್ಸಿನಲ್ಲಿ ನಾಲ್ಕೂ ಜನ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು. ಕೆಲಸ ಹೋಗಿತ್ತು, ನಾಟಕವೂ ಹೋಗಿತ್ತು. ಡಾಕ್ಟರ್ ಬಂದು ಬುದ್ಧಿ ಹೇಳುವ ನಾಟಕವನ್ನೇ ಬೇರೆ ಹಟ್ಟಿಗಳಲ್ಲಿ ಆಡಿದ್ದರೆ ಎಲ್ಲಾದರೂ ಒಬ್ಬರ ಕಿವಿಗಾದರೂ ಬೀಳುತ್ತಿತ್ತೇನೋ ಎಂದು ಗುಬ್ಬಿ ದಾಟುವವರೆಗೂ ಯೋಚಿಸುತ್ತಿದ್ದೆ.

ಮಾರನೇ ದಿನ ಮಧ್ಯಾಹ್ನ ಆಶಾ ಫೋನ್ ಮಾಡಿದರು. ಪಿಸುದನಿ. "ಮೇಡಂ, ಪೂಜಾರಪ್ಪ ಗುಡ್ಲಲ್ಲಿ ಕೂತವ್ರೆ."

"ಯಾವ ಗುಡ್ಲಲ್ಲಿ?"

"ಅದೇ ಗುಡ್ಲಲ್ಲಿ. ಒಬ್ರೇ ಹೋಗಿ ಕೂತ್ಕಂಡವ್ರೆ. ಹೆಂಗಸ್ರೆಲ್ಲ ದೂರ ನಿಂತ್ಕಂಡು ನೋಡ್ತಾವ್ರೆ. ಗೌಡ್ರು ಕರೆದ್ರು, ಬರಲಿಲ್ಲ. ಪಾತ್ರಕ್ಕೆ ಪ್ರಾಕ್ಟೀಸ್ ಮಾಡ್ತಿದೀನಿ, ಹೋಗು ಅಂದ್ರು."

ಬಿಸಿಲು ಇಳಿಯುವವರೆಗೂ ಕೂತಿದ್ದರಂತೆ. ನಡುವೆ ಒಂದು ಮಳೆ ಬಂದು ಹೋಯಿತಂತೆ. ಆಮೇಲೆ ಎದ್ದು ಬಂದು, ಬೋರ್‌ವೆಲ್ ಹತ್ತಿರ ಬಟ್ಟೆ ಸಮೇತ ತಲೆಗೆ ನೀರು ಹುಯ್ದುಕೊಂಡು, ದೇವಸ್ಥಾನದ ದೀಪ ಹಚ್ಚಿ, ಹೆಂಡತಿಯ ಕೈಲಿ ಆಶಾಗೆ ಹೇಳಿ ಕಳಿಸಿದರು: ನಾಳೆ ಮದ್ದಳೆ ತರಾಕೆ ಹೇಳು.

ನಾವು ಬಂದಾಗ ಅವರು ಗುಡ್ಲಿನ ಬಗ್ಗೆ ಏನೂ ಮಾತಾಡಲಿಲ್ಲ. ಸ್ಟೇಜಿನ ಗುಡ್ಲಿಗೆ ನಾವು ನೆಟ್ಟಿದ್ದ ಬಿದಿರು ಗಳಗಳನ್ನು ನೋಡಿ, "ಇಷ್ಟು ಎತ್ತರ ಇರಲ್ಲ" ಎಂದು ಕತ್ತರಿಸಿ ಗಿಡ್ಡ ಮಾಡಿಸಿದರು. ಅಷ್ಟೇ. ಆ ದೃಶ್ಯವನ್ನು ಒಂದೇ ಸಲ ಮಾಡಿ ತೋರಿಸಿದರು. ತಮಟೆಯ ಹುಡುಗ ನನ್ನ ಪಕ್ಕ ಬಂದು ನಿಂತು, "ಅಕ್ಕ" ಎಂದ. ಬಹಳ ದಿನದ ಮೇಲೆ ಅವನಾಗಿಯೇ ಆಡಿದ ಮಾತು ಅದು.

ಆಟವನ್ನು ಸಂಜೆ, ಬೆಳಕಿರುವಾಗಲೇ, ರಾಗಿ ಒಕ್ಕುವ ಕಣದಲ್ಲಿ ಇಟ್ಟುಕೊಂಡೆವು. ಮೈಕ್ ಬೇಡ ಎಂದರು ಪೂಜಾರಪ್ಪ. ಅವರು ಮತ್ತೆ ಸೀರೆ ಉಡುತ್ತಾರಂತೆ ಎಂಬ ಸುದ್ದಿಗೇ ಪಕ್ಕದ ಊರುಗಳಿಂದ ಜನ ಬಂದಿದ್ದರು. ಗೌಡರು ಕೈಕಟ್ಟಿಕೊಂಡು ಹಿಂದೆ ನಿಂತಿದ್ದರು. ಮಗಳು ಕಣದ ಪಕ್ಕದ ಮನೆಯ ಜಗಲಿಗೆ ಒರಗಿ, ಕಾಲು ಚಾಚಿ ಕೂತಿದ್ದಳು. ನನ್ನ ಹತ್ತಿರ ಕೊನೆಗೆ ಹೇಳಲು ನಾಲ್ಕು ಮಾತು ಸಿದ್ಧವಿತ್ತು. ಆಟ ಮುಗಿದ ಮೇಲೆ ಒಂದು ಸಂದೇಶ ಹೇಳದೆ ನಾನು ಯಾವತ್ತೂ ಬಂದವಳಲ್ಲ.

ರಾಣಿ ಬಂದಾಗ ಜನ ಸಿಳ್ಳೆ ಹಾಕಿದರು. ಹಳಬರು ಒಬ್ಬರಿಗೊಬ್ಬರು ತಿವಿದುಕೊಂಡು ನಕ್ಕರು. ಗುಡ್ಲಿನ ದೃಶ್ಯ ಶುರುವಾಯಿತು. ಪೂಜಾರಪ್ಪ ಬಗ್ಗಿ ಒಳಗೆ ಹೋದರು. ಕಾಲು ಒಳಗೆಳೆದುಕೊಂಡರು. ದಾಸಿ ಮೇಲಿಂದ ನೀರು ಹುಯ್ದಳು, ಬೊಗಸೆ ಒಡ್ಡಿ ಕುಡಿದರು. ಬೊಗಸೆಯಿಂದ ಸೋರಿದ್ದು ಎದೆಯ ಮೇಲಿನ ಕೂಸಿಗೆ ತಾಗದಂತೆ ಮೈ ತಿರುಗಿಸಿದರು. ಕೂಸನ್ನು ಸೆರಗಲ್ಲಿ ಬಿಗಿದು ಕಟ್ಟಿ, ಕೈ ಊರಿ ಎದ್ದು, ಬಯಲಿನ ಕಡೆ ನಡೆದು, ಎಲ್ಲಿ ಕೂರಬೇಕೆಂದು ಗೊತ್ತಾಗದೆ ಸುತ್ತ ನೋಡಿದರು. ಅದಕ್ಕೆ ಪದ ಇರಲಿಲ್ಲ. ಮದ್ದಳೆ ಕೂಡ ಇರಲಿಲ್ಲ. ಮುಂದೆ ಕೂತಿದ್ದ ಗಂಡಸರು ನೆಲ ನೋಡತೊಡಗಿದರು. ಹೆಂಗಸರು ಮಾತ್ರ ನೋಡುತ್ತಲೇ ಇದ್ದರು.

ರಾಣಿ ಮತ್ತೆ ಗುಡ್ಲಿಗೆ ಬಂದು ಕೂತ ಮೇಲೆ ಪಾಳೇಗಾರ ಬಂದ. ನಾವು ಬರೆದುಕೊಂಡಿದ್ದಂತೆ, "ರಾಣಿ, ನಡೆ ಒಳಗೆ" ಎಂದ. ರಾಣಿ ಎದ್ದು ಅವನ ಹಿಂದೆ ಹೋದರೆ ಆಟ ಮುಗಿಯುತ್ತಿತ್ತು.

ಪೂಜಾರಪ್ಪ ಏಳಲಿಲ್ಲ. "ನೀನೊಬ್ಬ ಕರೆದ್ರೆ ಆಯ್ತಾ?" ಎಂದರು, ರಾಣಿಯ ದನಿಯಲ್ಲೇ. "ಆಚೆ ಕಳ್ಸೋವಾಗ ಕೋಟೆಗೆ ಕೋಟೆಯೇ ಸೇರಿ ಕಳ್ಸಿತ್ತು. ಅವ್ರು ಕರೀಲಿ, ಬರ್ತೀನಿ."

ನಮ್ಮ ಪಾಳೇಗಾರ ಬೆವೆತು ನನ್ನ ಕಡೆ ನೋಡಿದ. ಪೂಜಾರಪ್ಪ ಕೂಸನ್ನು ತಟ್ಟುತ್ತಾ, ಕೂತ ಜನರ ಮುಖ ಒಂದೊಂದಾಗಿ ನೋಡುತ್ತಾ ಇದ್ದರು. ಕೊನೆಗೆ ಹೆಂಗಸರ ಮಧ್ಯದಿಂದ, ಹಲ್ಲಿಲ್ಲದ ಒಬ್ಬ ಮುದುಕಿ, "ಬಾರವ್ವ ಒಳೀಕೆ, ಮಗ ನೆನೀತದೆ" ಎಂದಳು. ಇನ್ನೊಬ್ಬಳು "ಬಾರವ್ವ" ಎಂದಳು. ಆಮೇಲೆ ಯಾರು ಯಾರು ಕರೆದರು ಎಂದು ನನಗೆ ಗೊತ್ತಾಗಲಿಲ್ಲ. ರಾಣಿ ಕೈ ಊರಿ ಎದ್ದಳು.

ನನ್ನ ನಾಲ್ಕು ಮಾತು ನಾನು ಆಡಲಿಲ್ಲ. ಆಡಿದ್ದರೆ ಕೆಡುತ್ತಿತ್ತು.

ಆದರೆ ಆಟದಿಂದ ಏನೂ ತೀರ್ಮಾನ ಆಗಲಿಲ್ಲ. ಬಣ್ಣ ಒರೆಸುವಾಗ ಗೌಡರು ಬಂದು, "ಚೆನ್ನಾಗಿ ಮಾಡ್ದೆ ಪೂಜಾರಪ್ಪ. ಆದ್ರೆ ನಾಟ್ಕ ನಾಟ್ಕನೇ" ಎಂದರು. ಪೂಜಾರಪ್ಪ ಕೊಬ್ಬರಿ ಎಣ್ಣೆಯಲ್ಲಿ ಕೆನ್ನೆ ಉಜ್ಜುತ್ತಾ ಹೂಂ ಎಂದರು. ಊರಾಚೆಯ ಗುಡ್ಲಿನ ಮೇಲೆ ಹೊಸ ಗರಿ ಹಾಗೇ ಇತ್ತು.

ಒಂದು ವಾರ ಆಗಿರಬೇಕು. ಬೆಳಿಗ್ಗೆ ಆಶಾ ಫೋನ್ ಮಾಡಿ, ಪೂಜಾರಪ್ಪನ ಮಗಳಿಗೆ ಗುಬ್ಬಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಮನೆಗೆ ಬಿಡುವ ದಿನ ನಾನೂ ಗುಬ್ಬಿಗೆ ಹೋದೆ. ಮಗಳೇ ಬರಹೇಳಿದ್ದಳು. ಆಟೋದಲ್ಲಿ ಅಜ್ಜಿ, ಮಗಳು, ಮಡಿಲಲ್ಲಿ ಕೂಸು, ಪಕ್ಕದಲ್ಲಿ ನಾನು. ಮಳೆ ಸಣ್ಣಗೆ ಹಿಡಿದಿತ್ತು. ದಾರಿಯುದ್ದಕ್ಕೂ ಯಾರೂ ಎಲ್ಲಿಗೆ ಹೋಗುತ್ತಿದ್ದೇವೆ ಎಂಬ ಮಾತು ಎತ್ತಲಿಲ್ಲ. ಮಗಳು ಕೂಸಿನ ಟೋಪಿಯನ್ನು ಕಿವಿಯ ಮೇಲೆ ಎಳೆಯುತ್ತಲೇ ಇದ್ದಳು.

ಹಟ್ಟಿಯ ಮುಂದೆ ದಾರಿ ಎರಡಾಗುತ್ತದೆ. ಒಂದು ಮನೆಗಳ ಕಡೆ, ಇನ್ನೊಂದು ಗುಡ್ಲಿನ ಕಡೆ. ಆಟೋದವನು ನಿಧಾನ ಮಾಡಿದ. "ಎತ್ಲಾಗೆ ಅಜ್ಜಿ?"

ಅಜ್ಜಿ ಎರಡೂ ದಾರಿ ನೋಡಿದರು. ಮಗಳು ನನ್ನ ಕೈ ಹಿಡಿದಳು. ನಾನು ಬಾಯಿ ಬಿಡುವ ಜಾಗ ಅದಾಗಿರಲಿಲ್ಲ.

ಪೂಜಾರಪ್ಪ ಅಲ್ಲೇ, ದಾರಿ ಪಕ್ಕದ ಜಾಲಿ ಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದರು. ಇನ್ನೊಂದು ಕಂಕುಳಲ್ಲಿ ಸುತ್ತಿದ ಚಾಪೆ, ದಿಂಬು, ಕಂಬಳಿ. ಅದು ಮಗಳಿಗೆ ಎಂದುಕೊಂಡೆ.

ಅವರು ನಾಲ್ಕು ಹೆಜ್ಜೆ ಮುಂದೆ ಬಂದು, ದೂರದಿಂದಲೇ ಕತ್ತು ಉದ್ದ ಮಾಡಿ ಕೂಸಿನ ಮುಖ ನೋಡಿದರು. "ಮನೆ ಕಡೆ ತಿರುಗ್ಸೋ" ಎಂದರು ಆಟೋದವನಿಗೆ.

"ಮತ್ತೆ ಪೂಜೆ?" ಎಂದರು ಅಜ್ಜಿ. "ಒಂದೇ ಸೂರು. ಸೂತಕ..."

"ಸೂತಕ ಯಾರಿಗೆ ತಾಗಬಾರ್ದು? ಪೂಜೆ ಮಾಡೋನ್ಗೆ ತಾನೇ? ನಾನು ಆಚೆ ಇರ್ತೀನಿ." ಚಾಪೆಯನ್ನು ಕಂಕುಳಲ್ಲಿ ಸರಿಮಾಡಿಕೊಂಡರು. "ಗುಡ್ಲು ಖಾಲಿ ಐತಲ್ಲ. ಊಟ ಅಲ್ಲಿಗೇ ಕಳ್ಸು. ನೀರು ಮೇಲಿಂದ ಹುಯ್ಯೋದು ಬ್ಯಾಡ, ಚೊಂಬಲ್ಲಿ ಕಳ್ಸು."

ಮಗಳು ಆಗ ಅತ್ತಳು. ಅಳುತ್ತಲೇ, "ಅಪ್ಪ, ನಾನು ಕುಣಿಗಲ್‌ನಾಗೆ..." ಎಂದು ಶುರು ಮಾಡಿದಳು.

"ಗೊತ್ತು ಬುಡು" ಎಂದರು ಪೂಜಾರಪ್ಪ. "ಮಹಡಿ ಮನೇಲಿ ಎಲ್ಲಿ ಕೂರ್ತಿದ್ದೆ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ? ಕೇಳಿದ್ರೆ ಗೊತ್ತಾಗಿಬುಡ್ತಿತ್ತಲ್ಲ, ಅದಕ್ಕೇ ಕೇಳ್ಲಿಲ್ಲ. ನಡಿ, ಮಗ ನೆನೀತದೆ."

ಆಟೋ ಮನೆಯ ಬಾಗಿಲಿಗೇ ಹೋಗಿ ನಿಂತಿತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಗೌಡರೂ ಇದ್ದರು. ಅವರು ಮಾತಾಡುತ್ತಾರೆ ಎಂದು ಕಾದೆ. ಅವರು ಊರಾಚೆಯ ಕಡೆ, ಕೊಡೆ ಹಿಡಿದು ಕೆಸರಲ್ಲಿ ಜೋಪಾನವಾಗಿ ಕಾಲಿಡುತ್ತಾ ಹೋಗುತ್ತಿದ್ದ ಪೂಜಾರಪ್ಪನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಒಂದು ದೊಡ್ಡ ಪ್ಲಾಸ್ಟಿಕ್ ಶೀಟು ತಂದು, "ಸೋರ್ತದೆ ಅದು, ಮೇಲೆ ಹೊದ್ಸು ಹೋಗ್ಲಾ" ಎಂದು ಮಗನ ಕೈಲಿ ಕಳಿಸಿದರು.

ನಾನು ಜಗಲಿಯ ಮೇಲೆ ಕೂತೆ. ಒಳಗೆ ಹಂಡೆಗೆ ನೀರು ತುಂಬುವ ಸದ್ದು ಬರುತ್ತಿತ್ತು. ಅಜ್ಜಿ ಬೆಲ್ಲದ ಕಾಫಿ ತಂದುಕೊಟ್ಟರು. ಅಷ್ಟು ದಿನದಲ್ಲಿ ಬಾಯಿಗೆ ರುಚಿ ಹತ್ತಿದ್ದು ಅವತ್ತೇ.

ತಿಂಗಳ ಮುಟ್ಟಿಗೆ ಆ ಹಟ್ಟಿಯಲ್ಲಿ ಆಚೆ ಕೂರುವವರು ಇನ್ನೂ ಇದ್ದಾರೆ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಬಾಣಂತಿಯರ ವಿಷಯ ಮಾತ್ರ ಬದಲಾಯಿತು. ಪೂಜಾರಪ್ಪನ ಮಗಳ ನಂತರ ಹೆತ್ತ ಇನ್ನೊಬ್ಬಳೂ ಮನೆಗೇ ಬಂದಳು ಎಂದು ಆಶಾ ಹೇಳಿದರು. ಅವಳ ಮಾವ ಕೆಲವು ದಿನ ದೇವಸ್ಥಾನದ ಜಗಲಿಯಲ್ಲಿ ಮಲಗಿದರಂತೆ. ಪೂಜಾರಪ್ಪನೇ ಮಾಡಿದ ಮೇಲೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲವಂತೆ. ನಮಗೆ ಆ ವರ್ಷ ಇಲಾಖೆಯ ಕೆಲಸ ಮತ್ತೆ ಸಿಗಲಿಲ್ಲ. ತಮಟೆಯ ಹುಡುಗ ಈಗ ವಾರಕ್ಕೊಮ್ಮೆ ಕಡಬಕ್ಕೆ ಹೋಗಿ ಮದ್ದಳೆ ಕಲಿಯುತ್ತಾನೆ.

ಸೂತಕ ಕಳೆದ ಮೇಲೆ ಒಂದು ದಿನ ಹಟ್ಟಿಗೆ ಹೋದೆ. ಪೂಜಾರಪ್ಪ ಮನೆಗೆ ಬಂದಿದ್ದರು. ಗುಡ್ಲಿನ ಸೊಳ್ಳೆಗಳನ್ನು ಕುಲಗೆಟ್ಟವು ಎಂದು ಬೈದು, ತೋಳು ತೋರಿಸಿದರು. ಒಳಗೆ ಕರೆದರು. ನಡುಮನೆಯಲ್ಲಿ, ಓಡಾಡುವ ದಾರಿಗೆ ಅಡ್ಡವಾಗಿ, ಹಳೇ ಸೀರೆಯ ಮೇಲೆ ಮಗು ಮಲಗಿತ್ತು. ಅಡುಗೆಮನೆಗೆ ಹೋಗುವವರು, ಹಿತ್ತಲಿಂದ ಬರುವವರು, ಎಲ್ಲರೂ ಗೋಡೆ ಬದಿಗೆ ಒತ್ತರಿಸಿಕೊಂಡು ಅದನ್ನು ಸುತ್ತಿ ಓಡಾಡುತ್ತಿದ್ದರು.

"ಮೆಲ್ಲಗೆ ಬಾರವ್ವ" ಎಂದರು ಅಜ್ಜಿ. "ಈಗ ತಾನೇ ಕಣ್ಣು ಮುಚ್ಚೈತೆ."